ತಪ್ಪು ಹಿಡಿಯದವನದೋ, ನಿಲ್ಲಿಸಿದವರದೋ?

ನಮ್ಮ ಬಳಗದ ಗೆಳೆಯನೊಬ್ಬನ ತಮ್ಮ ಅಮೆರಿಕದ ಓಹಾಯೊ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿ ಶನಿವಾರ ಎಂದರೆ ಕಾಲೇಜು ಫುಟ್‌ಬಾಲ್. ಭಾನುವಾರ ಬೆಳಿಗ್ಗೆ ನಾವು ಕಾಫಿ ಕುಡಿಯುವ ಹೊತ್ತಿಗೆ ಅವನ ಕಡೆಯಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ ಎರಡೋ ಮೂರೋ ವಿಡಿಯೊ ಬಂದಿರುತ್ತವೆ. ಮೊನ್ನೆ ಬಂದದ್ದರಲ್ಲಿ ಒಂದು ಹದಿನೈದು ಸೆಕೆಂಡಿನದು. ಚೆಂಡು ಹಿಡಿದವನು ನಡುವಿನಿಂದ ನುಗ್ಗುತ್ತಾನೆ ಅನ್ನಿಸುತ್ತದೆ. ಎದುರಿಗಿದ್ದ ಹುಡುಗ ಅವನನ್ನು ತಡೆಯಲು ಎರಡು ಹೆಜ್ಜೆ ಮುಂದೆ ಬರುತ್ತಾನೆ. ಅಷ್ಟರಲ್ಲಿ ಚೆಂಡು ಆ ಹುಡುಗನ ತಲೆಯ ಮೇಲಿಂದ ಹಾರಿ, ಅವನು ಬಿಟ್ಟುಬಂದ ಜಾಗದಲ್ಲೇ ಇನ್ನೊಬ್ಬನ ಕೈ ಸೇರುತ್ತದೆ. ಅವನು ತಿರುಗಿ ನೋಡುವಷ್ಟರಲ್ಲಿ ಅಂಕ ಹೋಗಿದೆ.

ಗ್ರೂಪಿನಲ್ಲಿ ಶುರುವಾಯಿತು. "ಅವ್ನೇನ್ ನಿದ್ದೆ ಮಾಡ್ತಿದ್ನಾ?" "ಇಂಥೋನ್ನ ಯಾಕ್ ಆಡಿಸ್ತಾರೆ?" ಆ ಆಟದ ಒಂದು ನಿಯಮವೂ ಗೊತ್ತಿಲ್ಲದ ನಾವು ತೀರ್ಪು ಕೊಟ್ಟಾಗಿತ್ತು. ಓಹಾಯೊದ ಹುಡುಗ ಎರಡೇ ಮಾತು ಬರೆದ: "ಅಣ್ಣಾ, ಅವನು ಕಲಿಸಿಕೊಟ್ಟಂಗೇ ಆಡಿದಾನೆ. ಅದಕ್ಕೇ ಸಿಕ್ಕಿಬಿದ್ದ."

ಕಲಿಸಿಕೊಟ್ಟ ಹಾಗೆ ಆಡಿದವನು ಸಿಕ್ಕಿಬೀಳುವುದು ಹೇಗೆ? ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವಿಡಿಯೊ ನೋಡಿದೆವು, ಅವನನ್ನು ಕೇಳಿದೆವು, ಓದಿದೆವು. ಗೊತ್ತಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಆಟ ನಮ್ಮದಲ್ಲ. ಆದರೆ ಸೋತಾಗ ಒಬ್ಬನ ಮೇಲೆ ತಪ್ಪು ಹೊರಿಸುವ ಚಾಳಿ ನಮ್ಮದೂ ಹೌದು, ಅದರಲ್ಲೂ ವರದಿ ಬರೆಯುವ ನಮ್ಮಂಥವರದು.

ಮೊದಲು ಆಟ ಏನು ಅಂತ ನೋಡೋಣ

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಒಂದೊಂದು ಕಡೆ 11 ಜನ. ಮೈದಾನದ ಉದ್ದ 100 ಗಜ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ 6 ಅಂಕ. ಎದುರಾಳಿಗಳು ಚೆಂಡು ಹಿಡಿದವನನ್ನು ಕೆಡವಿದರೆ ಆ ಅವಕಾಶ ಅಲ್ಲಿಗೆ ಮುಗಿಯಿತು.

ಕಬಡ್ಡಿ ನೋಡಿದವರಿಗೆ ಇದರ ಅರ್ಧ ಅರ್ಥವಾದ ಹಾಗೆ. ಒಬ್ಬ ನುಗ್ಗುತ್ತಾನೆ, ಉಳಿದವರು ಹಿಡಿಯಬೇಕು. ಕಾರ್ನರ್‌ನವನ ಕೆಲಸ ಬೇರೆ, ಕವರ್‌ನವನ ಕೆಲಸ ಬೇರೆ. ಕೈಕೈ ಹಿಡಿದ ಚೈನ್ ತುಂಡಾದರೆ ರೈಡರ್‌ಗೆ ಹಬ್ಬ. ಅಲ್ಲಿಯೂ ಹಾಗೆಯೇ. ತಡೆಯುವವರು ಎಲ್ಲಿ, ಎಷ್ಟು ಜನ, ಎಷ್ಟು ಹಿಂದೆ ನಿಲ್ಲಬೇಕು ಅನ್ನುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ.

ತಡೆಯುವ ತಂಡದಲ್ಲಿ ಮೂರು ಸಾಲು. ಮುಂದೆ ದೊಡ್ಡ ಮೈಯವರ ಸಾಲು, ಒಬ್ಬೊಬ್ಬರೂ 130 ಕೆ.ಜಿ.ಯ ಆಸುಪಾಸು. ಹಿಂದೆ, ದೂರದಲ್ಲಿ, ಚುರುಕಾಗಿ ಓಡುವವರು. ಎಸೆದ ಚೆಂಡು ಹಿಡಿಯಲು ಹೋಗುವವರನ್ನು ಅವರು ನೋಡಿಕೊಳ್ಳುತ್ತಾರೆ. ಈ ಎರಡು ಸಾಲುಗಳ ನಡುವೆ ನಿಲ್ಲುವವನೇ ಲೈನ್‌ಬ್ಯಾಕರ್. ಮುಂದಿನವರಷ್ಟು ಭಾರವಿಲ್ಲ, ಹಿಂದಿನವರಷ್ಟು ವೇಗವಿಲ್ಲ. ಆದರೆ ಇಬ್ಬರ ಕೆಲಸವೂ ಅವನ ತಲೆಯ ಮೇಲೆ. ಎದುರಾಳಿ ಓಡಿಬಂದರೆ ಮುಂದೆ ನುಗ್ಗಿ ಕೆಡವಬೇಕು. ಚೆಂಡು ಎಸೆದರೆ ಹಿಂದೆ ಸರಿದು ಜಾಗ ಕಾಯಬೇಕು.

ಮುಂದೆ ನಾಲ್ವರು, ಅವರ ಹಿಂದೆ ಮೂವರು ಲೈನ್‌ಬ್ಯಾಕರ್‌ಗಳು ನಿಂತರೆ ಅದು 4-3. ಮುಂದೆ ಮೂವರು, ಹಿಂದೆ ನಾಲ್ವರು ಆದರೆ 3-4. ಉಳಿದ ನಾಲ್ವರು ಕೊನೆಯ ಸಾಲಿಗೆ. ಲೈನ್‌ಬ್ಯಾಕರ್‌ಗಳಿಗೆ ಅಡ್ಡಹೆಸರೂ ಇದೆ. ನಡುವಿನವನು ಮೈಕ್, ಎದುರಾಳಿಯ ಬಲ ಹೆಚ್ಚಿರುವ ಮಗ್ಗುಲಿನವನು ಸ್ಯಾಮ್, ಬಲ ಕಡಿಮೆ ಇರುವ ಮಗ್ಗುಲಿನವನು ವಿಲ್. ಎದುರಾಳಿಯ ಮುಂದಿನ ಸಾಲಿನವರ ನಡುವಿನ ಒಂದೊಂದು ಸಂದಿಗೂ ಎ, ಬಿ, ಸಿ ಎಂದು ಹೆಸರು. ಯಾವ ಸಂದಿ ಯಾರದು ಎಂದು ಮೊದಲೇ ಹಂಚಿರುತ್ತಾರೆ. ತೋಟಕ್ಕೆ ನೀರು ಬಿಡುವಾಗ ಯಾವ ಬದುವಿನ ಹತ್ತಿರ ಯಾರು ನಿಲ್ಲಬೇಕು ಅಂತ ಹಂಚಿಕೊಂಡ ಹಾಗೆ. ಒಬ್ಬ ತನ್ನ ಬದು ಬಿಟ್ಟು ಪಕ್ಕದವನಿಗೆ ಸಹಾಯಕ್ಕೆ ಹೋದರೆ ನೀರು ಅಲ್ಲೇ ಒಡೆದುಕೊಳ್ಳುತ್ತದೆ.

ತರಬೇತುದಾರ ಪಕ್ಕದಲ್ಲೇ ಇದ್ದು ಹೇಳಿಕೊಡುವುದಿಲ್ಲವೇ ಎಂದು ನೀವು ಕೇಳಬಹುದು. 2024ರಿಂದ ಅಲ್ಲಿನ ಮೇಲಿನ ದರ್ಜೆಯ ಕಾಲೇಜು ಪಂದ್ಯಗಳಲ್ಲಿ ತಡೆಯುವ ತಂಡದ ಒಬ್ಬ ಆಟಗಾರನ ಹೆಲ್ಮೆಟ್‌ನೊಳಗೆ ಸಣ್ಣ ಸ್ಪೀಕರ್ ಇಡಲು ಅನುಮತಿ ಸಿಕ್ಕಿದೆ. ಸಾಮಾನ್ಯವಾಗಿ ಅದು ಲೈನ್‌ಬ್ಯಾಕರ್‌ಗೇ. ಆದರೆ ಆಟ ಶುರುಮಾಡುವ ಗಡಿಯಾರದಲ್ಲಿ 15 ಸೆಕೆಂಡು ಉಳಿದಿರುವಾಗಲೇ ಆ ದನಿ ಕಡಿದುಹೋಗುತ್ತದೆ. ಅದಾದ ಮೇಲೆ ಎದುರಾಳಿ ಜಾಗ ಬದಲಿಸಿದರೆ ಅದನ್ನು ಗುರುತಿಸಿ, ತನ್ನವರಿಗೆ ಕೂಗಿ ಹೇಳಿ, ಎಲ್ಲರನ್ನೂ ಸರಿಯಾಗಿ ನಿಲ್ಲಿಸುವುದು ಇಪ್ಪತ್ತು ವರ್ಷದ ಆ ಹುಡುಗನ ಪಾಡು.

ಕಣ್ಣಿಗೆ ಕಲಿಸಿದ ಪಾಠ

ಇನ್ನು ಆ ವಿಡಿಯೊದ ವಿಷಯಕ್ಕೆ ಬರೋಣ. ಲೈನ್‌ಬ್ಯಾಕರ್ ಚೆಂಡನ್ನು ನೋಡಿಕೊಂಡು ನಿಲ್ಲುವುದಿಲ್ಲ. ಚೆಂಡು ಕೈ ಬದಲಿಸುವುದು ಕ್ಷಣದಲ್ಲಿ ಆಗುವ ಕೆಲಸ. ಕಣ್ಣು ಹಿಂದೆ ಬೀಳುತ್ತದೆ. ಅದಕ್ಕೇ ಎದುರಾಳಿಯ ಮುಂದಿನ ಸಾಲಿನಲ್ಲಿರುವ ಗಾರ್ಡ್ ಎಂಬ ಆಟಗಾರನನ್ನು ನೋಡು ಎಂದು ಕಲಿಸುತ್ತಾರೆ. ಗಾರ್ಡ್ ಮುಂದೆ ನುಗ್ಗಿದರೆ ಅವರು ಓಡುತ್ತಾರೆ ಎಂದರ್ಥ, ನೀನೂ ಮುಂದೆ ಬಾ. ಗಾರ್ಡ್ ಹಿಂದೆ ಸರಿದು ನಿಂತರೆ ಚೆಂಡು ಎಸೆಯುತ್ತಾರೆ, ನೀನೂ ಹಿಂದೆ ಹೋಗು. ಈ ಒಂದು ಪಾಠವನ್ನು ಸಾವಿರ ಸಲ ಮಾಡಿಸಿ ಮೈಗೆ ಇಳಿಸಿರುತ್ತಾರೆ. ಯೋಚನೆ ಮಾಡುವಷ್ಟರಲ್ಲಿ ಕಾಲು ಹೋಗಿರಬೇಕು.

ದಾಳಿ ಮಾಡುವವರು ಹೊಡೆತ ಕೊಡುವುದು ಈ ಪಾಠಕ್ಕೇ.

ಆ ವಿಡಿಯೊದಲ್ಲಿ ನಡೆದದ್ದಕ್ಕೆ ಆರ್‌ಪಿಒ ಎನ್ನುತ್ತಾರೆ. ಓಡುವುದೋ ಎಸೆಯುವುದೋ ಎಂಬ ತೀರ್ಮಾನವನ್ನು ಆಟ ಶುರುವಾದ ಮೇಲೆ ಮಾಡುವ ತಂತ್ರ. ಗಾರ್ಡ್‌ಗಳೆಲ್ಲ ನಿಜವಾಗಿಯೂ ಓಟಕ್ಕೆಂದೇ ಮುಂದೆ ನುಗ್ಗುತ್ತಾರೆ. ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ಬ ಲೈನ್‌ಬ್ಯಾಕರ್‌ನ ಕಾಲನ್ನೇ ನೋಡುತ್ತಿರುತ್ತಾನೆ. ಅವನು ಮುಂದೆ ಬಂದರೆ ಚೆಂಡು ಅವನ ಹಿಂದಕ್ಕೆ ಹೋಗುತ್ತದೆ. ಅವನು ನಿಂತಲ್ಲೇ ನಿಂತರೆ ಚೆಂಡು ಓಡುವವನ ಕೈಗೆ ಹೋಗುತ್ತದೆ, ಅಲ್ಲಿ ತಡೆಯಲು ಒಬ್ಬ ಕಡಿಮೆ. ಅವನು ಏನು ಮಾಡಿದರೂ ತಪ್ಪೇ. ಅವನ ಉತ್ತರ ನೋಡಿಕೊಂಡು ಆಮೇಲೆ ಪ್ರಶ್ನೆಪತ್ರಿಕೆ ಬರೆಯುವ ಆಟ ಇದು.

ಕಾಲೇಜು ಆಟದ ನಿಯಮವೂ ಇದಕ್ಕೆ ಒತ್ತಾಸೆಯಾಗಿದೆ. ಚೆಂಡನ್ನು ಮುಂದಕ್ಕೆ ಎಸೆಯುವ ಹೊತ್ತಿಗೆ ಮುಂದಿನ ಸಾಲಿನವರು ಎಷ್ಟು ದೂರ ಮುಂದೆ ಹೋಗಿರಬಹುದು ಎಂಬುದಕ್ಕೆ ಮಿತಿ ಇದೆ. ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ ಅದು 1 ಗಜ. ಕಾಲೇಜಿನಲ್ಲಿ 3 ಗಜ. ಎರಡು ಗಜ ಏನು ಮಹಾ ಅನ್ನಿಸಬಹುದು. ಆದರೆ ಆ ಎರಡು ಗಜದಲ್ಲೇ ಗಾರ್ಡ್ "ನಾವು ಓಡುತ್ತಿದ್ದೇವೆ" ಎಂದು ಮೈಯಿಂದಲೇ ಸುಳ್ಳು ಹೇಳಿ ಮುಗಿಸಿರುತ್ತಾನೆ. ಅಂದರೆ ಇನ್ನೂ ಕಲಿಯುತ್ತಿರುವ ಹುಡುಗನಿಗೆ, ದುಡಿದು ತಿನ್ನುವ ವೃತ್ತಿಪರನಿಗಿಂತ ಕಷ್ಟದ ಪ್ರಶ್ನೆ.

ಇದು ಇವತ್ತಿನ ಉಪಾಯ ಅಲ್ಲ

ಒಬ್ಬನಿಗೆ ಎರಡು ಕೆಲಸ ಇದ್ದರೆ ಅವನನ್ನೇ ಹಿಡಿ ಎನ್ನುವುದು ಈ ಆಟದಲ್ಲಿ ಹಳೆಯ ಬುದ್ಧಿ. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ವಿಶ್‌ಬೋನ್ ಎಂಬ ವಿನ್ಯಾಸ ತಂದಿತು. ಚೆಂಡು ಹಿಡಿದವನ ಹಿಂದೆ ಮೂವರು, ಕೋಳಿಯ ಎದೆಯ ಕವಲು ಮೂಳೆಯ ಆಕಾರದಲ್ಲಿ ನಿಲ್ಲುತ್ತಿದ್ದರು. ತರಬೇತುದಾರ ಡಾರೆಲ್ ರಾಯಲ್, ಇದನ್ನು ಕಟ್ಟಿದವರು ಅವರ ಸಹಾಯಕ ಎಮೊರಿ ಬೆಲ್ಲಾರ್ಡ್. ಚೆಂಡು ನಡುವಿನವನಿಗೆ ಹೋಗಬಹುದು, ಕ್ವಾರ್ಟರ್‌ಬ್ಯಾಕ್ ತಾನೇ ಓಡಬಹುದು, ಇಲ್ಲವೇ ಪಕ್ಕದಲ್ಲಿ ಓಡುವವನಿಗೆ ಎಸೆಯಬಹುದು. ಮೂರರಲ್ಲಿ ಯಾವುದು ಎಂದು ನಿರ್ಧಾರವಾಗುವುದು ತಡೆಯುವವನ ಹೆಜ್ಜೆ ನೋಡಿ. ಆ ವಿನ್ಯಾಸ ಹಿಡಿದ ಟೆಕ್ಸಸ್ 1968ರಿಂದ 1970ರ ನಡುವೆ ಸತತ 30 ಪಂದ್ಯ ಗೆದ್ದಿತು.

1990ರ ದಶಕದ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜಿನಲ್ಲಿ ರಿಚ್ ರಾಡ್ರಿಗಸ್ ಅದೇ ಬುದ್ಧಿಗೆ ಹೊಸ ಅಂಗಿ ತೊಡಿಸಿದರು. ಎದುರಾಳಿಯ ಒಬ್ಬನನ್ನು ಬೇಕೆಂದೇ ಯಾರೂ ತಡೆಯದೆ ಬಿಟ್ಟುಬಿಡುವುದು. ಅವನು ಓಡುವವನ ಕಡೆ ಹೋದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಇಟ್ಟುಕೊಂಡು ಓಡುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಡೆ ಬಂದರೆ ಚೆಂಡು ಇನ್ನೊಬ್ಬನಿಗೆ. ಒಬ್ಬನನ್ನು ಮುಟ್ಟದೆಯೇ ಆಟದಿಂದ ಹೊರಗೆ ಹಾಕಿದ ಹಾಗೆ. ಲೆಕ್ಕ ಸರಳ: ಕ್ವಾರ್ಟರ್‌ಬ್ಯಾಕ್ ಓಡದೆ ನಿಂತರೆ ದಾಳಿಯವರು 10 ಜನ, ಓಡಿದರೆ 11. ತಡೆಯುವವರ ಹತ್ತಿರ ಇದ್ದ ಒಬ್ಬ ಹೆಚ್ಚುವರಿ ಆಳು ಮಾಯ.

ಇಷ್ಟು ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು. ತಡೆಯುವವನು ಸೋತ ಹೆಚ್ಚಿನ ಸಂದರ್ಭಗಳಲ್ಲಿ ಸೋತದ್ದು ಅವನ ತೋಳಲ್ಲ, ಅವನಿಗೆ ಕೊಟ್ಟ ಕೆಲಸದ ಹಂಚಿಕೆ. ಎರಡು ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ, ಕಳ್ಳತನವಾದಾಗ ಅವನ ಸಂಬಳ ಹಿಡಿಯುವುದು ನ್ಯಾಯವಲ್ಲ.

ಉತ್ತರ ಸಿಕ್ಕಿದ್ದು ತೋಳಿನಲ್ಲಲ್ಲ, ಹಂಚಿಕೆಯಲ್ಲಿ

ಇದನ್ನು ನಾವು ಕನಿಕರಕ್ಕೆ ಹೇಳುತ್ತಿಲ್ಲ. ಒಳ್ಳೆಯ ತರಬೇತುದಾರರು ಕಂಡುಕೊಂಡ ಉತ್ತರವೂ ಇದೇ.

ಮೂರು ಕಡೆ ಓಡುವ ತಂತ್ರಕ್ಕೆ ಅವರು ಹುಡುಕಿದ ಮದ್ದು ಬಹಳ ಸರಳ. ಒಬ್ಬನಿಗೆ ಒಂದೇ ಕೆಲಸ. ನೀನು ನಡುವೆ ನುಗ್ಗುವವನನ್ನು ಹಿಡಿ, ಅವನ ಕೈಯಲ್ಲಿ ಚೆಂಡು ಇರಲಿ ಬಿಡಲಿ. ನೀನು ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿ. ನೀನು ಪಕ್ಕದವನನ್ನು ಬಿಡಬೇಡ. ಚೆಂಡೇ ಇಲ್ಲದವನನ್ನು ಹಿಡಿದು ಮಲಗಿದ ಹುಡುಗನನ್ನು ನೋಡಿ ಹೊಸಬರು ನಗುತ್ತಾರೆ. ಬಲ್ಲವರು ನಗುವುದಿಲ್ಲ. ಅವನು ತನ್ನ ಬದು ಕಾದಿದ್ದಾನೆ.

ಎಸೆತ ಹೆಚ್ಚಾದ ಕಾಲಕ್ಕೆ ಇನ್ನೊಂದು ಮದ್ದು ಬಂತು. ಒಬ್ಬ ಲೈನ್‌ಬ್ಯಾಕರ್‌ನನ್ನು ಕಡಿಮೆ ಮಾಡಿ ಕೊನೆಯ ಸಾಲಿಗೆ ಐದನೆಯವನನ್ನು ತರುವುದು. ಅಮೆರಿಕದ ಐದು ಸೆಂಟಿನ ನಾಣ್ಯಕ್ಕೆ ನಿಕಲ್ ಎನ್ನುತ್ತಾರೆ, ಐದನೆಯವನು ಬಂದ ವಿನ್ಯಾಸಕ್ಕೂ ಅದೇ ಹೆಸರು. ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿರುವ ಟಿಸಿಯು ವಿಶ್ವವಿದ್ಯಾಲಯದ ತರಬೇತುದಾರ ಗ್ಯಾರಿ ಪ್ಯಾಟರ್ಸನ್ ಇದನ್ನು ಅಗತ್ಯ ಬಿದ್ದಾಗಿನ ಉಪಾಯವಾಗಿ ಬಳಸದೆ, ತಂಡದ ಕಾಯಂ ವಿನ್ಯಾಸ ಮಾಡಿಕೊಂಡರು. ಮುಂದೆ ನಾಲ್ವರು, ನಡುವೆ ಇಬ್ಬರು ಲೈನ್‌ಬ್ಯಾಕರ್‌ಗಳು, ಹಿಂದೆ ಐವರು. ಇದೇ 4-2-5.

2011ರ ಜನವರಿ 1. ರೋಸ್ ಬೌಲ್ ಪಂದ್ಯ. ಟಿಸಿಯು ಎದುರು ವಿಸ್ಕಾನ್ಸಿನ್, ದೊಡ್ಡ ಮೈಕಟ್ಟಿನವರನ್ನು ಮುಂದಿಟ್ಟುಕೊಂಡು ನುಗ್ಗಿ ತುಳಿಯುವುದರಲ್ಲಿ ಹೆಸರಾದ ತಂಡ. ಎರಡು ನಿಮಿಷ ಉಳಿದಿರುವಾಗ ವಿಸ್ಕಾನ್ಸಿನ್ ಗೆರೆ ದಾಟಿ ಅಂತರವನ್ನು 21-19ಕ್ಕೆ ತಂದಿತು. ಗೆರೆ ದಾಟಿದ ತಂಡಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ, ಅದರಲ್ಲಿ ಗೆದ್ದರೆ 2 ಅಂಕ. ಗೆದ್ದಿದ್ದರೆ ಪಂದ್ಯ ಸಮ. ಟಿಸಿಯುವಿನ ಲೈನ್‌ಬ್ಯಾಕರ್ ಟ್ಯಾಂಕ್ ಕಾರ್ಡರ್‌ಗೆ ಆಗ ಕೊಟ್ಟಿದ್ದ ಕೆಲಸ ಮುಂದೆ ನುಗ್ಗುವುದು. ನುಗ್ಗಿದ. ಎದುರಿನವರು ತಡೆದರು. ತಳ್ಳಾಡುತ್ತಾ ಅಲ್ಲೇ ಉಳಿಯದೆ ತಟ್ಟನೆ ಹಿಂದೆ ಸರಿದ. ಕ್ವಾರ್ಟರ್‌ಬ್ಯಾಕ್ ಕೈ ಎತ್ತಿದ್ದು ಕಂಡಿತು. ಹಾರಿ ಚೆಂಡನ್ನು ಬಡಿದು ಕೆಡವಿದ. ಟಿಸಿಯು ಆ ಸಾಲಿನ 13 ಪಂದ್ಯಗಳನ್ನೂ ಗೆದ್ದು ಮುಗಿಸಿತು.

ಮರುದಿನದ ಸುದ್ದಿಯಲ್ಲಿ ಕಾರ್ಡರ್‌ನ ಕೈ ಇತ್ತು, ಇರಬೇಕಾದದ್ದೇ. ಆದರೆ ಅವನು ನುಗ್ಗಿದಾಗ ಅವನ ಹಿಂದೆ ಗೆರೆಯೊಳಗೆ ಓಡಾಡುವವರನ್ನು ಕಾಯಲು ಐವರು ಇದ್ದರು. ಅವನ ತಲೆಯ ಮೇಲೆ ಎರಡು ಬಾಗಿಲಿನ ಚಿಂತೆ ಇರಲಿಲ್ಲ. ಒಂದೇ ಕೆಲಸ ಇದ್ದವನಿಗೆ ಮಾತ್ರ ಆ ಕೆಲಸ ಕೆಟ್ಟಾಗ ಎರಡನೆಯದನ್ನು ಯೋಚಿಸಲು ಬಿಡುವು ಸಿಗುತ್ತದೆ ಎಂಬುದು ನಮ್ಮ ನಂಬಿಕೆ.

ಇದಕ್ಕೆ ತದ್ವಿರುದ್ಧದ ಕಥೆಯೂ ಇದೆ. 2012ರಲ್ಲಿ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಲೈನ್‌ಬ್ಯಾಕರ್ ಮಾಂಟಿ ಟೆಯೊ ಇಡೀ ದೇಶದ ಕಣ್ಮಣಿ. ಆ ಸಾಲಿನಲ್ಲಿ ಎದುರಾಳಿ ಎಸೆದ ಚೆಂಡನ್ನು ಏಳು ಸಲ ಕಸಿದಿದ್ದ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯಲ್ಲಿ ಎರಡನೆಯ ಸ್ಥಾನ ಬಂದಿತ್ತು. ತಡೆಯುವವನಿಗೆ ಅದೇ ದೊಡ್ಡದು; 1935ರಿಂದ ಕೊಡುತ್ತಿರುವ ಆ ಪ್ರಶಸ್ತಿ ಹೆಚ್ಚಾಗಿ ಓಡುವವರಿಗೆ, ಎಸೆಯುವವರಿಗೆ. 12 ಪಂದ್ಯಗಳಲ್ಲಿ ಸೋಲೇ ಕಾಣದೆ ನೋಟ್ರ್ ಡೇಮ್ 2013ರ ಜನವರಿ 7ರಂದು ಫೈನಲ್‌ನಲ್ಲಿ ಅಲಬಾಮಾವನ್ನು ಎದುರಿಸಿತು. ಅರ್ಧ ಪಂದ್ಯಕ್ಕೆ 28-0. ಕೊನೆಗೆ 42-14ರ ಸೋಲು.

ಆ ರಾತ್ರಿ ಟೆಯೊ ಕೈಯಿಂದ ತಪ್ಪಿಸಿಕೊಂಡವರ ದೃಶ್ಯಗಳನ್ನೇ ಜನ ಮತ್ತೆ ಮತ್ತೆ ಹಾಕಿ ನೋಡಿದರು. ಅವನು ಚೆನ್ನಾಗಿ ಆಡಲಿಲ್ಲ, ನಿಜ. ಆದರೆ ಅಲಬಾಮಾದ ಮುಂದಿನ ಸಾಲಿನಲ್ಲಿದ್ದ ಚಾನ್ಸ್ ವಾರ್ಮ್ಯಾಕ್ ಮತ್ತು ಡಿ.ಜೆ. ಫ್ಲೂಕರ್ ಇಬ್ಬರನ್ನೂ ಆ ವರ್ಷವೇ ವೃತ್ತಿಪರ ತಂಡಗಳು ಮೊದಲ ಸುತ್ತಿನಲ್ಲೇ ಆರಿಸಿಕೊಂಡವು. ಅಂಥವರು ನೋಟ್ರ್ ಡೇಮ್‌ನ ಮುಂದಿನ ಸಾಲನ್ನು ಪಕ್ಕಕ್ಕೆ ತಳ್ಳಿ ನೇರವಾಗಿ ಲೈನ್‌ಬ್ಯಾಕರ್‌ಗಳ ಮೈಮೇಲೆ ಬಂದರು. ಮುಂದಿನ ಕಟ್ಟೆ ಒಡೆದ ಮೇಲೆ ಹಿಂದೆ ನಿಂತ ಒಬ್ಬ ಎಷ್ಟು ನೀರು ಹಿಡಿದಾನು?

ಹಾಗಾದರೆ ಆಟಗಾರನ ತಪ್ಪೇ ಇರುವುದಿಲ್ಲವೇ?

ಇರುತ್ತದೆ. ಅದನ್ನು ಮುಚ್ಚಿಡುವುದು ನಮ್ಮ ಉದ್ದೇಶ ಅಲ್ಲ. ತನಗೆ ಹಂಚಿದ ಸಂದಿ ಯಾವುದೆಂದು ಮರೆತು ನಿಂತರೆ ಅದು ಅವನ ತಪ್ಪು. ತಲೆ ತಗ್ಗಿಸಿ ಕಣ್ಣುಮುಚ್ಚಿ ನುಗ್ಗಿದರೆ ಅವನ ತಪ್ಪು. ಕೆಡವುವುದಕ್ಕಿಂತ ಟಿವಿಯಲ್ಲಿ ಕಾಣುವ ಹಾಗೆ ಗುದ್ದುವುದೇ ಮುಖ್ಯ ಎಂದುಕೊಂಡರೆ ಅದೂ ಅವನ ತಪ್ಪೇ. ತಪ್ಪು ಯಾರದೆಂದು ತಿಳಿಯಬೇಕಾದರೆ ಮೂರು ವಿಷಯ ನೋಡಬೇಕು. ಅವನಿಗೆ ಕೊಟ್ಟ ಕೆಲಸ ಒಂದೋ ಎರಡೋ? ಅವನು ಬಿಟ್ಟ ಜಾಗಕ್ಕೆ ಬರಬೇಕಾದವನು ಯಾರು, ಬಂದನೇ? ಅವನ ಮುಂದೆ ನಿಂತವರು ತಮ್ಮ ಜಾಗ ಉಳಿಸಿಕೊಂಡರೇ? ಈ ಮೂರಕ್ಕೂ ಉತ್ತರ ಸಿಕ್ಕ ಮೇಲೂ ಬೆರಳು ಅವನ ಕಡೆಗೇ ತೋರಿಸಿದರೆ ಆಗ ಹೆಸರು ಹೇಳಿ ಬರೆಯಬಹುದು. ಮೊದಲೇ ಅಲ್ಲ.

ತಪ್ಪನ್ನೆಲ್ಲ ಒಬ್ಬನ ತೋಳಿನ ಮೇಲೆ ಹಾಕುವುದರ ಬೆಲೆ ಮಾತಿನಲ್ಲಿ ಮುಗಿಯುವುದಿಲ್ಲ, ಮೈಗೂ ತಟ್ಟುತ್ತದೆ. "ಇನ್ನೂ ಜೋರಾಗಿ ಗುದ್ದು, ದಿನಾ ಗುದ್ದು" ಎನ್ನುವುದೇ ಎಷ್ಟೋ ವರ್ಷ ಅಲ್ಲಿನ ಮದ್ದಾಗಿತ್ತು. ಪದೇಪದೇ ತಲೆಗೆ ಬೀಳುವ ಪೆಟ್ಟಿನಿಂದ ಮೆದುಳಿಗೆ ಬರುವ ಸಿಟಿಇ ಎಂಬ ಕಾಯಿಲೆ ಇದೆ. ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದರೆ ಮಾತ್ರ ಖಚಿತವಾಗುತ್ತದೆ. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರ ಮೆದುಳಿನ ಪೈಕಿ 48ರಲ್ಲಿ ಆ ಕಾಯಿಲೆಯ ಗುರುತು ಕಂಡಿತು. ಇವು ಕುಟುಂಬದವರು ದಾನ ಕೊಟ್ಟ ಮೆದುಳುಗಳು. ಏನೋ ತೊಂದರೆ ಕಂಡವರೇ ಹೆಚ್ಚಾಗಿ ಕೊಟ್ಟಿರುತ್ತಾರೆ. ಆಡಿದ ಹತ್ತರಲ್ಲಿ ಒಂಬತ್ತು ಜನರಿಗೆ ಬರುತ್ತದೆ ಎಂದು ಇದನ್ನು ಓದಬಾರದು. ಆದರೂ ಆ ಲೆಕ್ಕವನ್ನು ನೋಡಿ ಸುಮ್ಮನಿರಲಾಗದು.

ಸುಮ್ಮನಿರದವರೊಬ್ಬರ ಕಥೆ ನಮಗೆ ಬಹಳ ಇಷ್ಟವಾಯಿತು. ಡಾರ್ಟ್ಮತ್ ಕಾಲೇಜಿನ ತರಬೇತುದಾರ ಬಡ್ಡಿ ಟೀವನ್ಸ್. ಅವರ ತಂಡ 2008ರಲ್ಲಿ ಹತ್ತಕ್ಕೆ ಹತ್ತೂ ಸೋತಿತ್ತು. ಅಂಥ ತಂಡದ ತರಬೇತುದಾರ ಹುಡುಗರನ್ನು ಇನ್ನೂ ಹೆಚ್ಚು ಗುದ್ದಾಡಿಸುತ್ತಾನೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಟೀವನ್ಸ್ 2010ರಲ್ಲಿ ಅಭ್ಯಾಸದ ವೇಳೆ ಒಬ್ಬರನ್ನೊಬ್ಬರು ಕೆಡವುವುದನ್ನೇ ನಿಲ್ಲಿಸಿದರು. ದಿಂಬು, ಚೀಲಗಳ ಮೇಲೆ ಅಭ್ಯಾಸ. ಆಮೇಲೆ ಅದೇ ಕಾಲೇಜಿನ ಎಂಜಿನಿಯರಿಂಗ್ ವಿಭಾಗದಲ್ಲಿ ರಿಮೋಟ್‌ನಿಂದ ಓಡುವ ದಿಂಬಿನ ಗೊಂಬೆಯೊಂದು ತಯಾರಾಯಿತು. ಹುಡುಗರು ಅದನ್ನು ಅಟ್ಟಿಸಿಕೊಂಡು ಹೋಗಿ ಕೆಡವುತ್ತಿದ್ದರು. ಯಾವ ಕಡೆಯಿಂದ ಹತ್ತಿರ ಹೋಗಬೇಕು, ಕಾಲು ಎಲ್ಲಿಡಬೇಕು, ತಲೆ ಎಲ್ಲಿರಬೇಕು ಎಂಬುದರ ಮೇಲೆ ಗಮನ ಹೋಯಿತು.

ತಂಡ ಮೆತ್ತಗಾಗಲಿಲ್ಲ. 2015ರಲ್ಲಿ ಐವಿ ಲೀಗ್ ಪ್ರಶಸ್ತಿ ಹಂಚಿಕೊಂಡಿತು, 2019 ಮತ್ತು 2021ರಲ್ಲಿ ಮತ್ತೆ. 2016ರಲ್ಲಿ ಆ ಲೀಗ್‌ನ ಎಲ್ಲ ಎಂಟು ಕಾಲೇಜುಗಳ ತರಬೇತುದಾರರೂ, ಪಂದ್ಯಾವಳಿ ನಡೆಯುವ ದಿನಗಳ ಅಭ್ಯಾಸದಲ್ಲಿ ಪೂರ್ತಿ ಗುದ್ದಾಟ ಬೇಡ ಎಂದು ಒಪ್ಪಿದರು. ಟೀವನ್ಸ್ 2023ರ ಮಾರ್ಚ್‌ನಲ್ಲಿ ಸೈಕಲ್ ಅಪಘಾತದಲ್ಲಿ ತೀವ್ರ ಗಾಯಗೊಂಡು ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರು ತೋರಿಸಿಕೊಟ್ಟದ್ದು ಇಷ್ಟೇ: ತಡೆಯುವ ಕಲೆ ಎಂದರೆ ಮೊದಲು ಸರಿಯಾದ ಜಾಗದಲ್ಲಿರುವುದು, ಗುದ್ದುವುದು ಆಮೇಲೆ. ಸರಿಯಾದ ಜಾಗದಲ್ಲಿ ಇದ್ದವನಿಗೆ ತಲೆಯಿಂದ ಗುದ್ದುವ ಅಗತ್ಯವೇ ಕಡಿಮೆ.

ಬೈಗುಳ ಈಗ ನೇರ ಫೋನಿಗೇ ಬರುತ್ತದೆ

ಮೊದಲು ಸೋತವನನ್ನು ಜನ ಗ್ಯಾಲರಿಯಲ್ಲಿ ಕೂತು ಬೈಯುತ್ತಿದ್ದರು. ಮನೆಗೆ ಹೋದರೆ ಮುಗಿಯಿತು. ಈಗ ಪಂದ್ಯ ಮುಗಿದು ಡ್ರೆಸ್ಸಿಂಗ್ ರೂಮಿಗೆ ಬಂದು ಫೋನ್ ತೆಗೆದರೆ ಅಲ್ಲೇ ಕಾದಿರುತ್ತವೆ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕ್ರೀಡಾ ಬೆಟ್ಟಿಂಗ್‌ಗೆ ಒಂದೊಂದೇ ರಾಜ್ಯ ಬಾಗಿಲು ತೆರೆಯಿತು. ಒಬ್ಬ ಹುಡುಗ ಎಷ್ಟು ಜನರನ್ನು ಕೆಡವುತ್ತಾನೆ ಎನ್ನುವಂಥದ್ದರ ಮೇಲೂ ದುಡ್ಡು ಕಟ್ಟಬಹುದಾಯಿತು. ದುಡ್ಡು ಕಳೆದುಕೊಂಡವನು ಸಿಟ್ಟು ತೀರಿಸಿಕೊಳ್ಳುವುದು ಆ ಹುಡುಗನ ಇನ್‌ಸ್ಟಾಗ್ರಾಂನಲ್ಲಿ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅಧ್ಯಕ್ಷ ಚಾರ್ಲಿ ಬೇಕರ್, ಕಾಲೇಜು ಆಟಗಾರರ ವೈಯಕ್ತಿಕ ಆಟದ ಮೇಲೆ ಬೆಟ್ ಕಟ್ಟುವುದನ್ನು ನಿಷೇಧಿಸಿ ಎಂದು 2024ರ ಮಾರ್ಚ್‌ನಲ್ಲಿ ರಾಜ್ಯಗಳನ್ನು ಕೇಳಿಕೊಳ್ಳಬೇಕಾಯಿತು.

ಅಲ್ಲಿಯವರನ್ನು ದೂರುವ ಮೊದಲು ನಮ್ಮ ಮನೆಯ ಮಾತು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಮಟ್ಟದ ಕಬಡ್ಡಿ ಫೈನಲ್‌ನ ವರದಿ ಬರೆದೆವು. ಕೊನೆಯ ರೈಡ್. ತಡೆಯುವ ಕಡೆ ಅಂಕಣದಲ್ಲಿ ಉಳಿದಿದ್ದವರು ಮೂವರೇ. ಕಾರ್ನರ್‌ನಲ್ಲಿದ್ದ ಹುಡುಗ ರೈಡರ್‌ನ ಕಾಲಿಗೆ ಬಿದ್ದ. ಹಿಡಿತ ಜಾರಿತು, ಪಂದ್ಯ ಹೋಯಿತು. "ಎಡವಟ್ಟಿನಿಂದ ಕೈತಪ್ಪಿದ ಟ್ರೋಫಿ" ಎಂದು ಅವನ ಹೆಸರು ಹಾಕಿ ಬರೆದೆವು. ಆ ತುಣುಕು ಊರಿನ ಗ್ರೂಪುಗಳಲ್ಲೆಲ್ಲ ಓಡಾಡಿತು. ವಾರದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವನ ಅಪ್ಪ ಸಿಕ್ಕಿದರು. ಜಗಳ ಮಾಡಲಿಲ್ಲ. "ಸ್ವಾಮಿ, ಆವತ್ತು ನನ್ ಮಗ ಒಬ್ನೇ ಆಡ್ತಿದ್ನಾ?" ಎಂದಷ್ಟೇ ಕೇಳಿದರು.

ಉತ್ತರ ಇರಲಿಲ್ಲ. ಕವರ್‌ನಲ್ಲಿ ನಿಲ್ಲಬೇಕಾದವನು ಅದರ ಹಿಂದಿನ ರೈಡ್‌ನಲ್ಲೇ ಔಟಾಗಿ ಹೊರಗೆ ಕೂತಿದ್ದ. ಕಾಲು ಹಿಡಿದವನ ಬೆನ್ನಿಗೆ ಬಂದು ರೈಡರ್‌ನ ಸೊಂಟ ಹಿಡಿಯುವವರು ಯಾರೂ ಇರಲಿಲ್ಲ. ಅದು ನಮ್ಮ ಕಣ್ಣೆದುರೇ ನಡೆದಿತ್ತು. ನಾವು ನೋಡಿದ್ದು ಜಾರಿದ ಕೈ ಮಾತ್ರ. ಆ ಹುಡುಗ ಮರುವರ್ಷ ಆಡಲು ಬರಲಿಲ್ಲ. ನಮ್ಮ ವರದಿಯಿಂದಲೇ ಬರಲಿಲ್ಲವೋ, ಬೇರೆ ಕಾರಣವೋ, ಕೇಳುವ ಧೈರ್ಯ ನಮಗೆ ಬರಲಿಲ್ಲ.

ಅದಕ್ಕೇ ಓಹಾಯೊದಿಂದ ಬಂದ ಆ ಎರಡು ಮಾತು ನಮ್ಮನ್ನು ಇಷ್ಟು ದೂರ ಎಳೆದುಕೊಂಡು ಬಂತು. ಇನ್ನು ಮುಂದೆ ಈ ಬ್ಲಾಗಿನಲ್ಲಿ ಪಂದ್ಯದ ವರದಿ ಬರೆಯುವಾಗ ನಾವೊಂದು ನಿಯಮ ಇಟ್ಟುಕೊಂಡಿದ್ದೇವೆ. ಅಂಕ ಬಿಟ್ಟುಕೊಟ್ಟವನ ಹೆಸರು ಬರೆಯುವ ಮೊದಲು, ಆಗ ಅವನ ಅಕ್ಕಪಕ್ಕ, ಹಿಂದೆ ಮುಂದೆ ಯಾರಿದ್ದರು ಎಂದು ಬರೆಯುವುದು. ಅದು ಗೊತ್ತಿಲ್ಲದಿದ್ದರೆ ಹೆಸರೂ ಬೇಡ.

ನಿಮ್ಮದೂ ಒಂದು ಪಾಲು ಇದೆ. ಮುಂದಿನ ಸಲ ಯಾರೋ ಚೆಂಡು ಬಿಟ್ಟ, ಹಿಡಿತ ಜಾರಿದ ವಿಡಿಯೊ ನಿಮ್ಮ ಫೋನಿಗೆ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ಇನ್ನೊಮ್ಮೆ ಹಾಕಿ ನೋಡಿ. ಈ ಸಲ ಬಿಟ್ಟವನನ್ನು ನೋಡಬೇಡಿ, ಅವನ ಪಕ್ಕದ ಖಾಲಿ ಜಾಗ ನೋಡಿ. ಅಲ್ಲಿ ಯಾರು ಇರಬೇಕಿತ್ತು, ಯಾಕೆ ಇರಲಿಲ್ಲ ಎಂದು ಕೇಳಿ. ಉತ್ತರ ಸಿಕ್ಕರೆ ನಮಗೂ ಬರೆದು ಕಳಿಸಿ.